ಎಳ್ಳುಕಾಳಿನಷ್ಟು ಚುಕ್ಕೆ

ಮೇಸ್ತ್ರಿಗೆ ಜಂಭ ಇತ್ತು. ಇದನ್ನು ನಾವು ಮುಚ್ಚಿಟ್ಟು ಪ್ರಯೋಜನವಿಲ್ಲ, ಯಾಕೆಂದರೆ ಸ್ವತಃ ಅವರೇ ಮುಚ್ಚಿಡುತ್ತಿರಲಿಲ್ಲ. ಅವರ ಬಂದೂಕು ರಿಪೇರಿ ಅಂಗಡಿಯ ಬಾಗಿಲು ತಳ್ಳಿಕೊಂಡು ಯಾರೇ ಒಳಗೆ ಬರಲಿ, ಪರವಾನಗಿ ಹಿಡಿದು ಹಳೆಯ ಪಿಸ್ತೂಲು ಕೊಳ್ಳಲು ಬಂದವರಿರಲಿ, ಸುಮ್ಮನೆ ವಿಳಾಸ ಕೇಳಲು ಬಂದವರಿರಲಿ, ಐದು ನಿಮಿಷದೊಳಗೆ ಒಂದು ಮಾತು ಅವರ ಕಿವಿಗೆ ಬಿದ್ದೇ ಬೀಳುತ್ತಿತ್ತು.

“ಮೂವತ್ತೆರಡು ವರ್ಷ ಆಯ್ತು. ನಾನು ಚುಕ್ಕೆ ಹಾಕಿದ ಪಿಸ್ತೂಲು ಒಂದೂ ವಾಪಸ್ ಬಂದಿಲ್ಲ.”

ಹೇಳಿ ಮೀಸೆಯ ಬಲಗಡೆಯ ತುದಿಯನ್ನು ಒಮ್ಮೆ ಮುಟ್ಟಿಕೊಳ್ಳುತ್ತಿದ್ದರು. ಎಡಗಡೆಯದನ್ನು ಯಾಕೋ ಮುಟ್ಟುತ್ತಿರಲಿಲ್ಲ.

ಚುಕ್ಕೆಯ ವಿಷಯ ಸ್ವಲ್ಪ ಹೇಳಬೇಕು. ಅಂಗಡಿ ಮೊದಲು ಮೇಸ್ತ್ರಿಯ ಮಾವನವರದು, ಅಂದರೆ ಹೆಂಡತಿಯ ತಂದೆಯದು. ಯಾರೋ ಬಳಸಿ ಬಿಟ್ಟ ಪಿಸ್ತೂಲು ಅಂಗಡಿಗೆ ಬಂದರೆ ಅದನ್ನು ಪೂರ್ತಿ ಬಿಚ್ಚಿ, ಸವೆದದ್ದನ್ನು ಬದಲಿಸಿ, ಮತ್ತೆ ಜೋಡಿಸಿ, ಹಿಂದಿನ ನೆಲಮಾಳಿಗೆಯಲ್ಲಿ ಮರಳಿನ ಗೋಡೆಗೆ ಇನ್ನೂರು ಗುಂಡು ಹಾರಿಸಿ ನೋಡುವುದು ಅವರ ಪದ್ಧತಿ. ಇನ್ನೂರರಲ್ಲಿ ಒಮ್ಮೆಯೂ ತಡೆಯದೆ ನಡೆದರೆ, ಹಿಡಿಯ ಪಕ್ಕದ ಮರದ ಪಟ್ಟಿ ಬಿಚ್ಚಿ, ಕೆಳಗಿನ ಲೋಹದ ಮೇಲೆ ಉಕ್ಕಿನ ಮೊಳೆಯಿಂದ ಎಳ್ಳುಕಾಳಿನಷ್ಟು ಚುಕ್ಕೆ ಕುಟ್ಟಿ, ಪಟ್ಟಿ ಮುಚ್ಚಿಬಿಡುತ್ತಿದ್ದರು. ಹೊರಗೆ ಏನೂ ಕಾಣದು. ಆದರೆ ತಿಳಿದವರು ಎಲ್ಲೇ ಹಳೆಯ ಪಿಸ್ತೂಲು ಕೊಳ್ಳಲು ಹೋದರೂ ಮೊದಲು ಕೇಳುತ್ತಿದ್ದದ್ದು ಸ್ಕ್ರೂಡ್ರೈವರನ್ನು. ಚುಕ್ಕೆ ಕಂಡರೆ ಮುಂದಿನ ಪ್ರಶ್ನೆಯೇ ಇರುತ್ತಿರಲಿಲ್ಲ.

ಇದಕ್ಕೆ ಇನ್ನೊಂದು ಮುಖವೂ ಇತ್ತು. ಚುಕ್ಕೆ ಹಾಕಿದ ಪಿಸ್ತೂಲು ಕೈಕೊಟ್ಟರೆ, ಹಾಕಿದವರೇ ಅರ ಹಿಡಿದು ಅದನ್ನು ಅಳಿಸಬೇಕು, ಅಂಗಡಿಯ ರಿಜಿಸ್ಟರಿನಲ್ಲಿ ಕೆಂಪು ಶಾಯಿಯಲ್ಲಿ ‘ನನ್ನ ತಪ್ಪು’ ಎಂದು ಬರೆದು ಸಹಿ ಹಾಕಬೇಕು. ಮಾವನವರು ತಮ್ಮ ಜೀವಮಾನದಲ್ಲಿ ಮೂರು ಸಲ ಹಾಗೆ ಬರೆದಿದ್ದರು. ಅಳಿಯನ ಕಾಲದಲ್ಲಿ ಕೆಂಪು ಶಾಯಿಯ ಬಾಟಲಿ ಒಣಗಿ ಕಲ್ಲಾಗಿತ್ತು. ಮೇಸ್ತ್ರಿ ಆ ಬಾಟಲಿಯನ್ನು ಎಸೆದಿರಲಿಲ್ಲ, ಎಲ್ಲರಿಗೂ ಕಾಣುವಂತೆ ಕಪಾಟಿನ ಮೇಲೆ ಇಟ್ಟಿದ್ದರು. ಜಂಭ ಎಂದದ್ದು ಇದಕ್ಕೇ.

ಮೇಸ್ತ್ರಿಯ ಹೆಂಡತಿ ಮುಂದಿನ ಕೌಂಟರಿನಲ್ಲಿ ಕೂತು ರಿಜಿಸ್ಟರು ನೋಡಿಕೊಳ್ಳುತ್ತಿದ್ದರು. ಹುಡುಗಿಯಾಗಿದ್ದಾಗ ಅಪ್ಪನ ಪಕ್ಕದಲ್ಲಿ ನಿಂತು ಅವರೂ ಗುಂಡು ಹಾರಿಸಿ ಪರೀಕ್ಷೆ ಮಾಡಿದವರೇ. ಇಪ್ಪತ್ತೆಂಟು ವರ್ಷದ ಹಿಂದೆ ಏಣಿಯಿಂದ ಬಿದ್ದು ಬಲಗೈ ಮಣಿಕಟ್ಟು ಮುರಿಯಿತು. ಮೂಳೆ ಕೂಡಿಕೊಂಡಿತು, ಆದರೆ ಸ್ವಲ್ಪ ವಾರೆಯಾಗಿ. ಅಂದಿನಿಂದ ಅವರು ನೆಲಮಾಳಿಗೆಗೆ ಇಳಿದಿರಲಿಲ್ಲ. ಗೋಡೆಯಾಚೆಯಿಂದ ಬರುವ ಸದ್ದನ್ನೇ ಕೇಳಿಸಿಕೊಂಡು ಎಷ್ಟನೆಯ ಗುಂಡು ಎಂದು ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಿದ್ದರು. ಒಂದು ದಿನ, ಬಹಳ ಹಿಂದೆ, ಹಾಗೇ ಗೆರೆ ಎಳೆಯುತ್ತ ಅವರೊಂದು ಮಾತು ಆಡಿದ್ದರು.

“ರೀ, ನಿಮ್ಮ ಕೈಯಲ್ಲಿ ಕೊಟ್ರೆ ಕಬ್ಬಿಣದ ತುಂಡೂ ಗುಂಡು ಹಾರಿಸುತ್ತೆ.”

ಮೇಸ್ತ್ರಿ ಹಿರಿಹಿರಿ ಹಿಗ್ಗಿದ್ದರು. ಅಂದಿನಿಂದ ಬಂದವರೆದುರಿಗೆಲ್ಲ “ಹೆಂಡತಿ ಬಾಯಿಂದ ಹೊಗಳಿಕೆ ಬರೋದು ಸುಲಭ ಅಲ್ಲ ಸ್ವಾಮೀ” ಎಂದು ಶುರುಮಾಡಿ ಈ ಮಾತನ್ನು ಹೇಳಿದ್ದೇ ಹೇಳಿದ್ದು. ಹೆಂಡತಿ ಆಗೆಲ್ಲ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಳ್ಳುತ್ತ ಕೂರುತ್ತಿದ್ದರು.

ಹೀಗಿರುವಾಗ ಒಂದು ಮಧ್ಯಾಹ್ನ ಗಾರ್ಡಮ್ಮ ಬಂದಳು.

ಗಾರ್ಡಮ್ಮ ಎಂದರೆ ಬ್ಯಾಂಕುಗಳ ಹಣ ಸಾಗಿಸುವ ವ್ಯಾನಿನಲ್ಲಿ ಕಾವಲಿಗೆ ಕೂರುವವಳು. ಆ ಕಂಪನಿಯಲ್ಲಿ ಗೇಟಿನ ಬಳಿ ಕೂತು ಹೆಸರು ಬರೆದುಕೊಳ್ಳುವ ಹೆಂಗಸರು ಎಷ್ಟೋ ಮಂದಿ ಇದ್ದರು, ವ್ಯಾನು ಹತ್ತಿದವಳು ಇವಳೊಬ್ಬಳೇ. ಆಳು ಸಣ್ಣದು, ಕೈಯೂ ಸಣ್ಣದು, ಬೂಟು ಮಾತ್ರ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಆರು ತಿಂಗಳ ಹಿಂದೆ ಇದೇ ಅಂಗಡಿಯಿಂದ ಚುಕ್ಕೆಯಿರುವ ಪಿಸ್ತೂಲೊಂದನ್ನು ಕೊಂಡು ಹೋಗಿದ್ದಳು.

ಅವಳು ಪೆಟ್ಟಿಗೆಯನ್ನು ಕೌಂಟರಿನ ಮೇಲಿಟ್ಟು, ಮಡಚಿದ ಒಂದು ಫಾರಮನ್ನು ಅದರ ಪಕ್ಕದಲ್ಲಿಟ್ಟಳು.

“ಮೇಸ್ತ್ರಿಗಳೇ, ಇದು ನಿಲ್ತಾ ಇದೆ.”

“ನಿಲ್ತಾ ಇದೆ ಅಂದ್ರೆ?”

“ಸೋಮವಾರ ನಮ್ಮ ಅಂಗಳದಲ್ಲಿ ವರ್ಷದ ಪರೀಕ್ಷೆ ಇತ್ತು. ಐವತ್ತು ಗುಂಡು. ಮೂರು ಸಲ ನಿಂತುಹೋಯ್ತು. ನಾಳೆ ಬೆಳಗ್ಗೆ ಹತ್ತು ಗಂಟೆಗೆ ಇನ್ನೊಂದು ಅವಕಾಶ ಕೊಟ್ಟಿದ್ದಾರೆ. ನಾಳೆನೂ ನಿಂತ್ರೆ ನನ್ನನ್ನ ವ್ಯಾನಿಂದ ಇಳಿಸಿ ಗೇಟಿಗೆ ಹಾಕ್ತಾರೆ.”

ಮೇಸ್ತ್ರಿ ಫಾರಮು ಬಿಡಿಸಿದರು. ಪರೀಕ್ಷೆ ನಡೆಸಿದ ಕವಾಯತು ಮಾಸ್ತರರ ದಪ್ಪ ಅಕ್ಷರ: ‘ಆಯುಧ ಸರಿಯಿದೆ. ಕೈ ದೋಷ.’

“ಅವರು ಹಿಡಿ ಬಿಚ್ಚಿ ನೋಡಿದ್ರು,” ಎಂದಳು ಗಾರ್ಡಮ್ಮ. “ಚುಕ್ಕೆ ಇತ್ತು. ‘ಮೇಸ್ತ್ರಿ ಚುಕ್ಕೆ ಇರೋ ಪಿಸ್ತೂಲಿಗೆ ಏನೂ ಆಗಿರಲ್ಲಮ್ಮಾ, ನಿನ್ನ ಕೈಯೇ ಸರಿ ಇಲ್ಲ’ ಅಂದ್ರು. ಅವರೇ ತಗೊಂಡು ಹತ್ತು ಹಾರಿಸಿದ್ರು. ಒಂದ್ಸಲಾನೂ ನಿಲ್ಲಲಿಲ್ಲ.”

ಮೇಸ್ತ್ರಿಯ ಎದೆ ಎರಡು ಅಂಗುಲ ಉಬ್ಬಿತು. ಅದನ್ನು ಅಡಗಿಸಲು ಅವರು ಕೆಮ್ಮಿದರು. ಕೌಂಟರಿನ ಹಿಂದೆ ಹೆಂಡತಿ ಪೆನ್ಸಿಲು ಕೆಳಗಿಟ್ಟರು.

“ಬಾಮ್ಮ, ನೋಡೋಣ,” ಎಂದು ಮೇಸ್ತ್ರಿ ಒಳಗೆ ನಡೆದರು.

ಅವರು ಪಿಸ್ತೂಲು ನೋಡುವ ರೀತಿಯನ್ನು ನೋಡುವುದೇ ಒಂದು ಚೆಂದ. ಮೊದಲು ಗುಂಡು ತುಂಬುವ ಮ್ಯಾಗಜಿನ್ ಹೊರತೆಗೆದು, ಸ್ಲೈಡು, ಅಂದರೆ ಮೇಲೆ ಹಿಂದೆ ಮುಂದೆ ಜಾರುವ ಭಾಗ, ಅದನ್ನು ಎಳೆದು ಹಿಡಿದು, ಗುಂಡು ಕೂರುವ ಬಾಯಿಗೆ ಕಿರುಬೆರಳು ಹಾಕಿ ಖಾಲಿಯೆಂದು ಖಾತ್ರಿ ಮಾಡಿಕೊಳ್ಳುವರು. ಕಣ್ಣಿಗೆ ಕಂಡರೂ ಬೆರಳು ಹಾಕಲೇಬೇಕು. ಆಮೇಲೆ ಕಣ್ಣು ಮುಚ್ಚಿ ಸ್ಲೈಡನ್ನು ಮೆಲ್ಲಗೆ ಹಿಂದೆ ಮುಂದೆ ಮಾಡುವರು, ಎಲ್ಲಾದರೂ ಉಜ್ಜುತ್ತದೆಯೇ ಎಂದು. ಮ್ಯಾಗಜಿನ್ನಿನ ತುಟಿಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ಬಾಗಿವೆಯೇ ಎಂದು ನೋಡುವರು. ಹಾರಿಸಿದ ಮೇಲೆ ಉಳಿಯುವ ಖಾಲಿ ತೋಟಾವನ್ನು ಹೊರಗೆಳೆಯುವ ಸಣ್ಣ ಕೊಕ್ಕೆಯಿರುತ್ತದೆ, ಅದರ ಅಂಚನ್ನು ಉಗುರಿನಿಂದ ಸವರುವರು. ಇಷ್ಟೂ ಮಾಡುವಾಗ ಬಾಯಿಗೆ ಬೀಗ.

ಗಾರ್ಡಮ್ಮ ಪಿಸ್ತೂಲನ್ನು ಎಷ್ಟು ಅಚ್ಚುಕಟ್ಟಾಗಿ ಇಟ್ಟುಕೊಂಡಿದ್ದಳೆಂದರೆ ಮೇಸ್ತ್ರಿಯ ಬೆರಳಿಗೆ ಮಸಿಯೇ ಹತ್ತಲಿಲ್ಲ. ತುಟಿ ಸರಿ, ಕೊಕ್ಕೆ ಸರಿ, ಎಣ್ಣೆಯೂ ಬೇಕಾದಲ್ಲಿ ಬೇಕಾದಷ್ಟೇ.

“ಏನೂ ಇಲ್ಲವಲ್ಲಮ್ಮಾ,” ಎಂದರು. “ನಡಿ ಕೆಳಗೆ, ಹಾರಿಸಿ ತೋರಿಸು.”

ನೆಲಮಾಳಿಗೆಯಲ್ಲಿ ಕಿವಿಗೆ ಮುಚ್ಚಳ ಹಾಕಿಕೊಂಡು ಅವಳು ನಿಂತಳು. ನಿಂತ ಭಂಗಿ ಸರಿಯಾಗೇ ಇತ್ತು. ಐದು ಗುಂಡು ಸರಾಗವಾಗಿ ಹೋದವು. ಆರನೆಯದಕ್ಕೆ ಪಿಸ್ತೂಲು ಬಾಯಿ ಕಚ್ಚಿಕೊಂಡು ನಿಂತಿತು. ಖಾಲಿ ತೋಟಾ ಹೊರಗೆ ಹಾರದೆ, ಮುಚ್ಚಿಕೊಳ್ಳುವ ಸ್ಲೈಡಿಗೆ ಸಿಕ್ಕಿಹಾಕಿಕೊಂಡು ನೆಟ್ಟಗೆ ನಿಂತಿತ್ತು.

“ನೋಡಿ,” ಎಂದಳು ಅವಳು.

“ಇಲ್ಲಿ ಕೊಡು.”

ಮೇಸ್ತ್ರಿ ಸಿಕ್ಕಿಕೊಂಡಿದ್ದನ್ನು ಕೊಡವಿ, ಮೂರು ಮ್ಯಾಗಜಿನ್ ತುಂಬಿ, ಮೂವತ್ತು ಗುಂಡನ್ನು ಒಂದೇ ಉಸಿರಿಗೆ ಎನ್ನುವ ಹಾಗೆ ಹಾರಿಸಿದರು. ಅವರ ಕೈಯೆಂದರೆ ಮೂವತ್ತೆರಡು ವರ್ಷ ಅರ ತಿಕ್ಕಿದ ಕೈ, ಹಿಡಿದರೆ ಬಾಗಿಲ ಚಿಲಕ ಹಾಕಿದ ಹಾಗೆ. ಪಿಸ್ತೂಲು ಒಮ್ಮೆಯೂ ತಡೆಯಲಿಲ್ಲ. ಖಾಲಿ ತೋಟಾಗಳು ಬಲಗಡೆಗೆ ಒಂದೇ ಜಾಗಕ್ಕೆ ಹೋಗಿ ಬಿದ್ದು ಸಣ್ಣ ಗುಡ್ಡೆಯಾದವು. ಅವರು ತಿರುಗಿ ನೋಡಿ ಮೀಸೆಯ ಬಲತುದಿ ಮುಟ್ಟಿಕೊಂಡರು.

“ನೋಡಿದ್ಯಾ ಮಗಳೇ? ಪಿಸ್ತೂಲಿಗೆ ಏನೂ ಆಗಿಲ್ಲ. ಮಣಿಕಟ್ಟು ಬಿಗಿ ಮಾಡು, ಅಷ್ಟೇ. ನಾನು ಚುಕ್ಕೆ ಹಾಕಿದ್ದು ಇವತ್ತಿನವರೆಗೂ ಒಂದೂ...”

“ಮೇಸ್ತ್ರಿಗಳೇ,” ಎಂದು ಅವಳು ತಡೆದಳು. ದನಿ ಏರಿಸಲಿಲ್ಲ, ಅಳಲೂ ಇಲ್ಲ. “ನಿಮ್ಮ ಕೈಯಲ್ಲಿ ನಡೆಯುತ್ತೆ, ಒಪ್ಪಿದೆ. ಆದ್ರೆ ನಿಮ್ಮ ಕೈಯನ್ನ ನಾನು ವ್ಯಾನಿಗೆ ತಗೊಂಡು ಹೋಗಕ್ಕಾಗಲ್ಲ.”

ಮೇಸ್ತ್ರಿ ಇನ್ನೊಂದು ಮ್ಯಾಗಜಿನ್ನಿಗೆ ಗುಂಡು ತುಂಬತೊಡಗಿದರು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದಾಯಿತು.

ಹೆಂಡತಿ ಇಳಿದು ಬರುತ್ತಿದ್ದರು. ಇಪ್ಪತ್ತೆಂಟು ವರ್ಷದ ನಂತರ. ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲು, ಕತ್ತಿಗೆ ಕಿವಿಮುಚ್ಚಳ ನೇತುಹಾಕಿಕೊಂಡು.

“ನೀನ್ಯಾಕೆ ಬಂದೆ? ಕೌಂಟರಲ್ಲಿ ಯಾರಿದ್ದಾರೆ?”

“ಬಾಗಿಲು ಹಾಕಿ ಬಂದೆ. ಮೇಲೆ ಕೇಳಿಸ್ತು. ಐದು ಆಯ್ತು, ಆರನೇದು ಬೇರೆ ಥರ ಸದ್ದು ಮಾಡ್ತು. ಆಮೇಲೆ ನಿಮ್ಮ ಮೂವತ್ತು.” ಅವರು ಕೈ ಚಾಚಿದರು. “ಇಲ್ಲಿ ಕೊಡಿ.”

“ಏನು ಇಲ್ಲಿ ಕೊಡಿ? ನಿನ್ನ ಕೈ...”

“ಅದಕ್ಕೇ ಕೇಳ್ತಿರೋದು. ಅಂಗಡಿ ಪರವಾನಗಿಯಲ್ಲಿ ಮೊದಲನೇ ಹೆಸರು ಯಾರ್ದು ರೀ?”

ಅವರದೇ ಆಗಿತ್ತು. ಮಾವನವರು ಬರೆಸುವಾಗ ಮಗಳ ಹೆಸರು ಮೊದಲು, ಅಳಿಯನ ಹೆಸರು ಆಮೇಲೆ ಬರೆಸಿದ್ದರು. ಮೇಸ್ತ್ರಿ ಪಿಸ್ತೂಲು ಕೊಟ್ಟರು, ಮುಖ ಮಾತ್ರ ಗಂಟು ಹಾಕಿಕೊಂಡರು.

ಹೆಂಡತಿ ಮ್ಯಾಗಜಿನ್ ತೆಗೆದು, ಸ್ಲೈಡು ಎಳೆದು, ಬಾಯಿಗೆ ಕಿರುಬೆರಳು ಹಾಕಿ ನೋಡಿದರು. ಮೇಸ್ತ್ರಿ ಆ ಬೆರಳನ್ನೇ ನೋಡಿದರು. ಈ ಕಿರುಬೆರಳ ಅಭ್ಯಾಸ ತನ್ನದೆಂದು ತಿಳಿದಿದ್ದರು. ಹೊಸ ಅಳಿಯನಾಗಿ ಬಂದಾಗ ಇವಳನ್ನು ನೋಡಿಯೇ ಕಲಿತದ್ದು ಎಂಬುದು ಮರೆತೇ ಹೋಗಿತ್ತು.

ಮೂರು ಗುಂಡು ಹೋದವು. ಪ್ರತಿ ಗುಂಡಿಗೂ ಆ ವಾರೆ ಮಣಿಕಟ್ಟು ಸ್ವಲ್ಪ ಮೇಲಕ್ಕೆ ಬಗ್ಗುತ್ತಿತ್ತು. ನಾಲ್ಕನೆಯದಕ್ಕೆ ಖಾಲಿ ತೋಟಾ ಮತ್ತೆ ಸ್ಲೈಡಿಗೆ ಸಿಕ್ಕಿಕೊಂಡು ನಿಂತಿತು.

“ನಿಂತಿದೆ ನೋಡಿ,” ಎಂದರು ಹೆಂಡತಿ, “ಶಾಲೇಲಿ ಹಾಜರಿ ಹೇಳೋ ಹಾಗೆ.”

“ನಿನ್ನ ಕೈಯೂ ಸಡಿಲ, ಅವಳ ಕೈಯೂ ಸಡಿಲ!” ಮೇಸ್ತ್ರಿಗೆ ಸಿಟ್ಟು ಮೂಗಿನ ತುದಿಗೆ ಬಂತು. “ಎರಡು ಸಡಿಲ ಕೈ ಸೇರಿದ್ರೆ ಪಿಸ್ತೂಲಿಂದು ತಪ್ಪಾಗುತ್ತಾ?”

“ಅದೂ ನೋಡೇ ಬಿಡೋಣ. ಹೋದ ವಾರ ಬಂತಲ್ಲ, ಇದೇ ಅಳತೇದು, ನೀವಿನ್ನೂ ಮುಟ್ಟದೇ ಇರೋದು, ಅದನ್ನ ತನ್ನಿ.”

ಆ ಇನ್ನೊಂದು ಪಿಸ್ತೂಲು ಕಪಾಟಿನಲ್ಲಿತ್ತು. ಅದೇ ಕಾರ್ಖಾನೆಯದು, ಅದೇ ಮಾದರಿ, ಇದಕ್ಕಿಂತ ಹಳೆಯದು, ಎಣ್ಣೆ ಕಾಣದೆ ಸೊರಗಿದ್ದು. ಮೇಸ್ತ್ರಿ ಅದನ್ನು ತಂದು, ನಡೆಯುವ ಸ್ಥಿತಿಯಲ್ಲಿದೆಯೆಂದು ಮಾತ್ರ ನೋಡಿ ಕೊಟ್ಟರು. ಗಾರ್ಡಮ್ಮ ಇಪ್ಪತ್ತು ಹಾರಿಸಿದಳು, ನಿಲ್ಲಲಿಲ್ಲ. ಹೆಂಡತಿ ಹತ್ತು ಹಾರಿಸಿದರು, ನಿಲ್ಲಲಿಲ್ಲ. ಅದೇ ಸಡಿಲ ಕೈಗಳು.

ಮೇಸ್ತ್ರಿ ಎರಡು ಪಿಸ್ತೂಲನ್ನೂ ಎತ್ತಿಕೊಂಡು ಮೇಲೆ ಹೋಗಿ, ಮೇಜಿನ ಮೇಲೆ ಬಿಚ್ಚಿದರು. ಸ್ಲೈಡನ್ನು ಮುಂದಕ್ಕೆ ತಳ್ಳುವ ಸ್ಪ್ರಿಂಗುಗಳನ್ನು ಹೊರತೆಗೆದು ಬಿಳಿ ಬಟ್ಟೆಯ ಮೇಲೆ ಅಕ್ಕಪಕ್ಕ ಮಲಗಿಸಿದರು. ಕಾರ್ಖಾನೆಯ ತಂತಿ ತೆಳ್ಳಗಿತ್ತು. ಗಾರ್ಡಮ್ಮನ ಪಿಸ್ತೂಲಿನದು ದಪ್ಪ. ಅದನ್ನು ಹಾಕಿದವರು ಅವರೇ.

ಒಂಬತ್ತು ವರ್ಷದಿಂದ ಅವರು ಹಳೆಯ ಪಿಸ್ತೂಲು ಯಾವುದೇ ಬಂದರೂ ಸ್ಪ್ರಿಂಗನ್ನು ತೆಗೆದು ಒಂದು ದರ್ಜೆ ಬಿಗಿಯಾದದ್ದನ್ನು ಹಾಕುತ್ತಿದ್ದರು. ಬಿಗಿಯಿದ್ದರೆ ಲೋಹಕ್ಕೆ ಏಟು ಕಡಿಮೆ, ಪಿಸ್ತೂಲು ಹೆಚ್ಚು ಬಾಳುತ್ತದೆ ಎಂಬುದು ಅವರ ಲೆಕ್ಕಾಚಾರ, ಅದು ಸುಳ್ಳೂ ಅಲ್ಲ. ಆದರೆ ಗುಂಡು ಹೊರಟಾಗ ಸ್ಲೈಡು ಪೂರ್ತಿ ಹಿಂದಕ್ಕೆ ಹೋಗಬೇಕಾದರೆ ಹಿಡಿದ ಕೈ ಕದಲದೆ ನಿಲ್ಲಬೇಕು. ಕೈ ತುಸು ಹಿಂದೆ ಸರಿದರೂ ಆ ಬಲದಲ್ಲಿ ಒಂದು ಪಾಲು ಕೈಗೆ ಹೋಗುತ್ತದೆ, ಉಳಿದದ್ದು ಬಿಗಿ ಸ್ಪ್ರಿಂಗನ್ನು ಪೂರ್ತಿ ಒತ್ತಲು ಸಾಲದೆ ಸ್ಲೈಡು ಅರ್ಧಕ್ಕೇ ಹಿಂದಿರುಗುತ್ತದೆ, ಖಾಲಿ ತೋಟಾ ಹೊರಗೆ ಹಾರುವ ಮುನ್ನವೇ ಬಾಗಿಲು ಮುಚ್ಚಿಕೊಳ್ಳುತ್ತದೆ. ಮೇಸ್ತ್ರಿಗೆ ಇದು ಗೊತ್ತಿರಲಿಲ್ಲ ಎಂದಲ್ಲ. ಪುಸ್ತಕದಲ್ಲಿ ಓದಿದ್ದರು, ಬೇರೆಯವರಿಗೆ ಹೇಳಿಯೂ ಇದ್ದರು. ಆದರೆ ಇನ್ನೂರು ಗುಂಡನ್ನೂ ಯಾವಾಗಲೂ ತಾವೇ ಹಾರಿಸುತ್ತಿದ್ದರು, ಅವರ ಕೈ ಯಾವಾಗಲೂ ಕದಲುತ್ತಿರಲಿಲ್ಲ.

ಕಬ್ಬಿಣದ ತುಂಡೂ ಗುಂಡು ಹಾರಿಸುತ್ತದೆ ಎಂದಳಲ್ಲ! ಮೇಸ್ತ್ರಿಯ ಕಿವಿ ಬಿಸಿಯಾಯಿತು. ಅದು ಹೊಗಳಿಕೆಯಾಗಿರಲಿಲ್ಲ. ಇಷ್ಟು ವರ್ಷ ಊರಿಗೆಲ್ಲ ಹೇಳಿಕೊಂಡು ತಿರುಗಿದ್ದು ತನ್ನ ಮೇಲಿನ ದೂರನ್ನು.

ಆ ಗಳಿಗೆಯಲ್ಲಿ ಅವರು ಏನು ಮಾಡಿದರು ಎಂಬುದನ್ನೂ ಹೇಳಿಬಿಡಬೇಕು. ಕೆಳಗಿನ ಖಾನೆಯಲ್ಲಿ ಕಾರ್ಖಾನೆಯ ಅಳತೆಯ ಸ್ಪ್ರಿಂಗುಗಳ ಪೊಟ್ಟಣವೊಂದು ಒಂಬತ್ತು ವರ್ಷದಿಂದ ಒಡೆಯದೆ ಬಿದ್ದಿತ್ತು. ಅದನ್ನು ಒಡೆದರು. ದಪ್ಪ ಸ್ಪ್ರಿಂಗನ್ನು ಅಂಗಿಯ ಜೇಬಿಗೆ ಸೇರಿಸಿದರು. ತೆಳ್ಳಗಿನದನ್ನು ಹಾಕಿ ಜೋಡಿಸುತ್ತಿರುವಾಗಲೇ ಮೆಟ್ಟಿಲು ಹತ್ತಿ ಇಬ್ಬರೂ ಬಂದರು.

“ಗೊತ್ತಾಯ್ತಾ ಮೇಸ್ತ್ರಿಗಳೇ?” ಎಂದಳು ಗಾರ್ಡಮ್ಮ.

“ಹ್ಞೂಂ. ಅಂಥದ್ದೇನಿಲ್ಲ.” ಅವರು ತಲೆಯೆತ್ತಲಿಲ್ಲ. “ಒಳಗಡೆ ಎಣ್ಣೆ ಸ್ವಲ್ಪ ಸಾಲದಾಗಿತ್ತು. ಸರಿಮಾಡಿದೀನಿ. ನಾಳೆ ನಿಲ್ಲಲ್ಲ, ಹೋಗಿ ಬಾ.”

ಹೆಂಡತಿ ಬಿಳಿ ಬಟ್ಟೆಯನ್ನು ನೋಡಿದರು. ಅಲ್ಲಿ ಒಂದೇ ಸ್ಪ್ರಿಂಗಿತ್ತು.

ಗಾರ್ಡಮ್ಮನ ಮುಖ ಸಪ್ಪಗಾಯಿತು. ನಾಳೆ ನಿಲ್ಲುವುದಿಲ್ಲ ಎಂದಾಗ ಅರಳಬೇಕಿದ್ದ ಮುಖ.

“ಎಣ್ಣೆನಾ?” ಎಂದಳು. “ಎಣ್ಣೆ ಹಾಕ್ಬೇಕಾದವಳು ನಾನೇ ಅಲ್ವಾ? ದಿನಾ ಬಿಚ್ಚಿ ಒರೆಸ್ತಿದ್ದೆ ಮೇಸ್ತ್ರಿಗಳೇ. ಎಲ್ಲಿ ಬಿಟ್ಟೆ ತೋರಿಸಿ, ಇನ್ನೊಂದ್ಸಲ ಬಿಡಲ್ಲ.” ಫಾರಮನ್ನು ಮಡಚಿ ಜೇಬಿಗೆ ಹಾಕಿಕೊಂಡಳು. “ಹಾಗಾದ್ರೆ ಮಾಸ್ತರು ಬರೆದಿದ್ದು ಸರೀನೇ. ನನ್ನದೇ ದೋಷ.”

ಮೇಸ್ತ್ರಿಯ ಕೈ ಸ್ಕ್ರೂಡ್ರೈವರಿನ ಮೇಲೆ ನಿಂತಿತು. ಕನ್ನಡಿಯಂತೆ ಹೊಳೆಯುವ ಆ ಬೂಟು ಅವರ ಕಣ್ಣಿಗೆ ಬಿತ್ತು. ಬೆರಳಿಗೆ ಮಸಿ ಹತ್ತದ ಆ ಪಿಸ್ತೂಲು ನೆನಪಾಯಿತು. ಇಂಥ ಅಚ್ಚುಕಟ್ಟಿನವಳಿಗೆ ಎಣ್ಣೆ ಹಾಕಲು ಬಾರದು ಎಂದು ಹೇಳಿ ಕಳಿಸುತ್ತಿದ್ದೇನಲ್ಲ ಎಂದು ಅವರಿಗೆ ನಾಚಿಕೆಯಾಯಿತು. ಬರೀ ನಾಚಿಕೆಯಲ್ಲ, ತಮ್ಮ ಮೇಲೆ ತಮಗೇ ಅಸಹ್ಯವಾಯಿತು. ಸ್ಪ್ರಿಂಗು ಜೇಬಿನಲ್ಲಿ ಎದೆಗೆ ಒತ್ತುತ್ತಿತ್ತು.

“ನಿಲ್ಲಮ್ಮಾ,” ಎಂದರು.

ಸ್ಪ್ರಿಂಗನ್ನು ಜೇಬಿನಿಂದ ತೆಗೆದು ಬಟ್ಟೆಯ ಮೇಲಿಟ್ಟರು.

“ಎಣ್ಣೆ ಅಂದಿದ್ದು ಸುಳ್ಳು. ಎಣ್ಣೆ ಚೆನ್ನಾಗೇ ಹಾಕಿದೀಯ, ನನಗಿಂತ ಚೆನ್ನಾಗಿ. ಇಗೋ, ಇದು ತಪ್ಪು. ಈ ದಪ್ಪ ಸ್ಪ್ರಿಂಗು. ಹಾಕಿದವನು ನಾನು. ನನ್ನ ಕೈಲಿ ಹಾರಿಸಿ ನಾನೇ ಪಾಸು ಮಾಡಿದೆ. ಮಾಸ್ತರಂದೂ ನನ್ನಂಥದೇ ಕೈ, ಅವರಿಗೂ ಗೊತ್ತಾಗಲಿಲ್ಲ. ನಿನ್ನ ಕೈಗೆ ಯಾವ ದೋಷಾನೂ ಇಲ್ಲ ಮಗಳೇ.”

ಗಾರ್ಡಮ್ಮ ಟೋಪಿಯನ್ನು ತೆಗೆದು ಮತ್ತೆ ಹಾಕಿಕೊಂಡಳು.

ಮೇಸ್ತ್ರಿ ಹಿಡಿಯ ಪಟ್ಟಿಯ ತಿರುಪು ಬಿಚ್ಚಿದರು. ಎಳ್ಳುಕಾಳಿನಷ್ಟು ಚುಕ್ಕೆ, ಅವರ ಮೂವತ್ತೆರಡು ವರ್ಷ, ಅಲ್ಲಿ ಕೂತಿತ್ತು. ಗೋಡೆಯಿಂದ ಅತಿ ಸಣ್ಣ ಅರವನ್ನು ತೆಗೆದುಕೊಂಡರು. ಹತ್ತು ಹನ್ನೆರಡು ಎಳೆತಕ್ಕೆ ಚುಕ್ಕೆ ಹೋಗಿ, ಉಗುರಿನಷ್ಟು ಹೊಳಪು ಮಾತ್ರ ಉಳಿಯಿತು.

ಕೆಂಪು ಶಾಯಿಯ ಬಾಟಲಿಯಲ್ಲಿದ್ದದ್ದು ಕಲ್ಲು. ಹೆಂಡತಿ ಕೌಂಟರಿನ ಖಾನೆಯಿಂದ ಕೆಂಪು ಪೆನ್ನು ತಂದು ರಿಜಿಸ್ಟರಿನ ಮೇಲಿಟ್ಟರು. ಹೊಸ ಪೆನ್ನು. ಮೇಸ್ತ್ರಿ ಅದನ್ನೂ ಹೆಂಡತಿಯ ಮುಖವನ್ನೂ ನೋಡಿದರು.

“ಇದನ್ನ ಯಾವಾಗ ತಂದಿದ್ದೆ?”

“ನೀವು ದಪ್ಪ ಸ್ಪ್ರಿಂಗು ಹಾಕಕ್ಕೆ ಶುರುಮಾಡಿದ ವರ್ಷ. ಮೊದಲಿಂದು ಒಣಗಿತು. ಇದು ನಾಲ್ಕನೇದು.”

“ಬಾಯಿಬಿಟ್ಟು ಹೇಳ್ಬಾರದಿತ್ತಾ?”

“ಕೈ ವಿಷಯ ಒಂದ್ಸಲ ಹೇಳಿದ್ದೆ. ನೀವು ಅದನ್ನ ಊರಿಗೆಲ್ಲ ಹಂಚಿದ್ರಿ. ಸ್ಪ್ರಿಂಗು ಬಂದ ಮೇಲೆ ಮತ್ತೆ ಹೇಳೋಣ ಅಂತಿದ್ದೆ, ಹೊಡೆದು ಸಾಬೀತು ಮಾಡು ಅಂದ್ರೆ ಏನು ಮಾಡೋದು ಅಂತ ಸುಮ್ಮನಾದೆ.” ಅವರು ಬಲಗೈ ಮಣಿಕಟ್ಟನ್ನು ನೀವಿಕೊಂಡರು. “ಈ ಕೈ ಇನ್ನು ಯಾವ ಕೆಲಸಕ್ಕೂ ಬರಲ್ಲ ಅಂದ್ಕೊಂಡುಬಿಟ್ಟಿದ್ದೆ. ಅದು ನನ್ನ ತಪ್ಪು.”

ಮೇಸ್ತ್ರಿ ಬರೆದರು: ‘ನನ್ನ ತಪ್ಪು.’ ಸಹಿ ಹಾಕಿದರು. ಆಮೇಲೆ ಇನ್ನೊಂದು ಹಾಳೆ ತೆಗೆದು ಕವಾಯತು ಮಾಸ್ತರರಿಗೂ ಬರೆದರು: ‘ನನ್ನ ಚುಕ್ಕೆ ನೋಡಿ ನೀವು ಈ ಹೆಣ್ಣುಮಗಳ ಕೈಗೆ ದೋಷ ಹಾಕಿದಿರಿ. ದೋಷ ಪಿಸ್ತೂಲಿನಲ್ಲಿತ್ತು. ಅದನ್ನು ಅಲ್ಲಿ ಕೂರಿಸಿದವನು ನಾನು. ಚುಕ್ಕೆಯನ್ನು ಇಂದು ನಾನೇ ಅಳಿಸಿದ್ದೇನೆ.’

ಹೆಂಡತಿ ಹಾಳೆಯನ್ನು ಓದಿ, ಮಡಚಿ ಗಾರ್ಡಮ್ಮನ ಕೈಗೆ ಕೊಟ್ಟು, ಮತ್ತೆ ಕಿವಿಮುಚ್ಚಳ ಹಾಕಿಕೊಂಡರು.

“ಚುಕ್ಕೆ ಅಳಿಸಿದ್ರೆ ಆಯ್ತಾ? ಇನ್ನೂರು ಬಾಕಿ ಇದೆ. ನಡೀರಿ.”

ಅಂದು ಆ ನೆಲಮಾಳಿಗೆಯಲ್ಲಿ ಮೇಸ್ತ್ರಿ ಒಂದು ಗುಂಡನ್ನೂ ಹಾರಿಸಲಿಲ್ಲ. ಸ್ಟೂಲಿನ ಮೇಲೆ ಕೂತು ಮ್ಯಾಗಜಿನ್ ತುಂಬಿ ತುಂಬಿ ಕೊಟ್ಟರು. ಮೊದಲ ಐವತ್ತು ಹೆಂಡತಿ ಹಾರಿಸಿದರು. ಇಪ್ಪತ್ತರ ಹೊತ್ತಿಗೆ ಮಣಿಕಟ್ಟು ನೋಯತೊಡಗಿತೆಂದು ಮೇಸ್ತ್ರಿಗೆ ತಿಳಿಯಿತು, “ಸಾಕು ಬಿಡು” ಎಂದರು. “ನೋಯ್ತಾ ಇರೋ ಕೈಗೂ ನಡೀಬೇಕಲ್ಲ” ಎಂದು ಅವರು ಮುಂದುವರಿಸಿದರು. ಉಳಿದ ನೂರೈವತ್ತು ಗಾರ್ಡಮ್ಮನದು: ಬಲಗೈ, ಎಡಗೈ, ಒಂಟಿ ಕೈ, ಬೇಕೆಂದೇ ಸಡಿಲ ಹಿಡಿದು. ಪಿಸ್ತೂಲು ಎಲ್ಲೂ ನಿಲ್ಲಲಿಲ್ಲ. ಇನ್ನೂರನೆಯ ಗುಂಡಿನ ಸದ್ದು ಅಡಗಿದಾಗ ಸಂಜೆ ಆರಾಗಿತ್ತು. ಮೇಸ್ತ್ರಿ ಎದ್ದು, ಮಾವನವರ ಉಕ್ಕಿನ ಮೊಳೆಯನ್ನೂ ಸಣ್ಣ ಸುತ್ತಿಗೆಯನ್ನೂ ತಂದು ಹೆಂಡತಿಯ ಮುಂದೆ ಹಿಡಿದರು.

“ನೀನು ಪಾಸು ಮಾಡಿದ್ದು. ನೀನೇ ಹಾಕು.”

ಹೆಂಡತಿ ಹಾಕಿದರು. ಹೊಳಪಿನ ಜಾಗವನ್ನು ಬಿಟ್ಟು, ಅದರ ಪಕ್ಕದಲ್ಲಿ. ಚುಕ್ಕೆ ಒಂದಿಷ್ಟು ಓರೆಯಾಯಿತು. ಮೇಸ್ತ್ರಿಗೆ ಅಷ್ಟು ಚೆಂದದ ಚುಕ್ಕೆಯನ್ನು ನೋಡಿದ ನೆನಪಿರಲಿಲ್ಲ. ಹಾಗೆಂದು ಬಾಯಿಬಿಟ್ಟೇ ಹೇಳಿದರು. ಹೆಂಡತಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು.

ಮರುದಿನ ಹನ್ನೊಂದೂಕಾಲಿಗೆ ಫೋನು ಬಂತು. ಹತ್ತು ಗಂಟೆಯಿಂದ ಮೇಸ್ತ್ರಿ ಒಂದೇ ಸ್ಕ್ರೂವನ್ನು ತಿಕ್ಕುತ್ತ ಕೂತಿದ್ದರು. ಹೆಂಡತಿ ಫೋನು ತೆಗೆದುಕೊಂಡು, ಅವರಿಗೂ ಕೇಳಿಸುವಂತೆ ದೂರ ಹಿಡಿದರು.

“ಐವತ್ತೂ ಹೋಯ್ತು ಅಮ್ಮಾ! ಒಂದ್ಸಲಾನೂ ನಿಲ್ಲಲಿಲ್ಲ!” ಗಾರ್ಡಮ್ಮ ಕೂಗುತ್ತಿದ್ದಳು. ಹಿಂದೆ ವ್ಯಾನಿನ ಸದ್ದು. “ಕಾಗದ ಕೊಟ್ಟೆ. ಮಾಸ್ತರು ಅದನ್ನ ಅಂಗಳದಲ್ಲಿ ಎಲ್ಲರ ಮುಂದೆ ಗಟ್ಟಿಯಾಗಿ ಓದಿದ್ರು.”

ಮೇಸ್ತ್ರಿ ಕೈಯಲ್ಲಿದ್ದ ಸ್ಕ್ರೂವನ್ನು ಕೆಳಗಿಟ್ಟರು. ಎಲ್ಲರ ಮುಂದೆ!

“ಓದಿ, ಫಾರಮಿನಲ್ಲಿ ‘ಕೈ ದೋಷ’ ಅನ್ನೋದನ್ನ ಅವರೇ ಹೊಡೆದುಹಾಕಿದ್ರು. ‘ಇಷ್ಟು ವರ್ಷದ ಸರ್ವೀಸಲ್ಲಿ ಇಂಥ ಕಾಗದ ನನ್ನ ಕೈಗೆ ಬಂದಿಲ್ಲ, ಇದನ್ನ ಫೈಲಿಗೆ ಹಾಕಲ್ಲ, ಗೋಡೆಗೆ ಹಾಕ್ತೀನಿ’ ಅಂದ್ರು. ವ್ಯಾನು ಹೊರಡ್ತಾ ಇದೆ ಅಮ್ಮಾ, ಇಡ್ತೀನಿ!”

ಫೋನು ಇಟ್ಟ ಮೇಲೆ ಗಂಡ ಹೆಂಡತಿ ಒಬ್ಬರನ್ನೊಬ್ಬರು ನೋಡಿ ನಕ್ಕರು. ಆದರೆ ಮೇಸ್ತ್ರಿಯ ನಗು ಬೇಗ ನಿಂತಿತು.

“ಲೇ, ದಪ್ಪ ಸ್ಪ್ರಿಂಗಿಂದು ಒಟ್ಟು ಎಷ್ಟು ಹೋಗಿವೆ ನಮ್ಮ ಅಂಗಡಿಯಿಂದ?”

“ಗಾರ್ಡಮ್ಮಂದು ಬಿಟ್ಟು ಅರವತ್ತೆರಡು,” ಎಂದರು ಹೆಂಡತಿ. ರಿಜಿಸ್ಟರು ತೆರೆಯಲಿಲ್ಲ. ಅಂದರೆ ಮೊದಲೇ ಎಣಿಸಿಟ್ಟಿದ್ದರು.

ಅರವತ್ತೆರಡು ಪಿಸ್ತೂಲು, ಅರವತ್ತೆರಡು ಕೈ. ಅದರಲ್ಲಿ ಯಾವ ಕೈ ವಾರೆಯೋ, ಯಾವುದು ವಯಸ್ಸಾಗಿ ಸಡಿಲಗೊಂಡಿದೆಯೋ, ಯಾರು ‘ನನ್ನದೇ ದೋಷ’ ಎಂದುಕೊಂಡು ಸುಮ್ಮನಿದ್ದಾರೋ! ಮೇಸ್ತ್ರಿ ಅಂದು ಮಧ್ಯಾಹ್ನವೇ ಕಾಗದ ಬರೆಯಲು ಕೂತರು. ಅಚ್ಚು ಹಾಕಿಸೋಣ ಎಂದು ಹೆಂಡತಿ ಹೇಳಿದರೆ ಒಪ್ಪಲಿಲ್ಲ, ಅರವತ್ತೆರಡನ್ನೂ ಕೈಯಾರೆ ಬರೆದರು. ವಿಳಾಸವನ್ನು ಹೆಂಡತಿ ಬರೆದರು.

ಎರಡು ತಿಂಗಳಾಯಿತು. ಒಬ್ಬೊಬ್ಬರಾಗಿ ಬರುತ್ತಲೇ ಇದ್ದಾರೆ, ಪೆಟ್ಟಿಗೆ ಕಂಕುಳಲ್ಲಿಟ್ಟುಕೊಂಡು. ಬೀದಿಯವರಿಗೆಲ್ಲ ಕಾಣುತ್ತದೆ. ಎದುರಿನ ಅಂಗಡಿಯ ದರ್ಜಿ ಒಮ್ಮೆ ಕಿಸಕ್ಕನೆ ನಕ್ಕು, “ಏನು ಮೇಸ್ತ್ರಿಗಳೇ, ಮಾಲೆಲ್ಲಾ ವಾಪಸ್ ಬರ್ತಾ ಇದೆ?” ಎಂದು ಕಾಲೆಳೆದ. ಮೇಸ್ತ್ರಿ ಬಾಗಿಲಲ್ಲೇ ನಿಂತು, “ಬರಲಿ ಬಿಡಯ್ಯ, ಒಳಗೆ ಜಾಗ ಇದೆ” ಎಂದರು. ಈಗ ನೆಲಮಾಳಿಗೆಯಲ್ಲಿ ಮೊದಲ ಗುಂಡು ಹೆಂಡತಿಯದು, ಕೊನೆಯದೂ ಅವರದೇ. ನಡುವಿನದ್ದನ್ನು ಮೇಸ್ತ್ರಿ ಹಾರಿಸುತ್ತಾರೆ, ಸಾಧ್ಯವಾದಷ್ಟು ಸಡಿಲ ಹಿಡಿದು. ಅವರಿಗದು ಇನ್ನೂ ಬಂದಿಲ್ಲ, ಕಲಿಯುತ್ತಿದ್ದಾರೆ.

ಮೊನ್ನೆ ಹೊಸಬರೊಬ್ಬರು ಬಂದರು. ಹಳೆಯ ಪಿಸ್ತೂಲು ಬೇಕಾಗಿತ್ತು. ಚುಕ್ಕೆಯ ವಿಷಯ ಎಲ್ಲೋ ಕೇಳಿದ್ದರಂತೆ.

“ನಿಮ್ಮ ಚುಕ್ಕೆ ಇರೋದು ಒಂದೂ ವಾಪಸ್ ಬಂದಿಲ್ಲ ಅಂತಾರೆ, ಹೌದಾ?” ಎಂದು ಕೇಳಿದರು.

ಮೇಸ್ತ್ರಿ ರಿಜಿಸ್ಟರನ್ನು ಎಳೆದುಕೊಂಡು, ಮೊದಲು ಮಾವನವರ ಮೂರು ಕೆಂಪು ಪುಟಗಳನ್ನು ತೆರೆದು ತೋರಿಸಿದರು. ಮಾವನವರೂ ಬಂದವರಿಗೆ ಮೊದಲು ಆ ಪುಟಗಳನ್ನೇ ತೋರಿಸುತ್ತಿದ್ದರಂತೆ. ಹೆಂಡತಿ ಹೇಳಿದ ಮೇಲಷ್ಟೇ ಅವರಿಗೆ ಗೊತ್ತಾದದ್ದು. ಆಮೇಲೆ ತಮ್ಮ ಪುಟ ತೆರೆದರು. ಪುಟದ ತುಂಬ ಕೆಂಪು, ಮೇಲಿನಿಂದ ಕೆಳಗೆ, ಒಂದೊಂದರ ಎದುರೂ ಸಹಿ.

“ನಲವತ್ತೊಂದು ಬಂದಿವೆ,” ಎಂದರು. “ಇನ್ನು ಇಪ್ಪತ್ತೊಂದು ಬರಬೇಕು. ಅಷ್ಟನ್ನೂ ನಾನೇ ಕರೆಸಿದ್ದು.”

ಹೇಳಿ, ಮೀಸೆಯ ಎರಡೂ ತುದಿಗಳನ್ನು ಮುಟ್ಟಿಕೊಂಡರು.